ಹಾಸ್ಟೆಲ್ ಟ್ಯಾಂಕ್‌ನಲ್ಲಿ ಕಾಲು ಯೂನಿಟ್

ನಮ್ಮ ಫಿಸಿಕ್ಸ್ ಮೇಷ್ಟ್ರಿಗೆ ಶಕ್ತಿಯ ವಿಷಯ ಬಂದಾಗಲೆಲ್ಲ ಎರಡೇ ಪ್ರಶ್ನೆ. ಎಷ್ಟು ಕೂಡಿಟ್ಟಿದೆ? ಎಷ್ಟು ಬೇಗ ಹೊರಗೆ ಬರುತ್ತೆ? ಪುಸ್ತಕದಲ್ಲಿ ಸ್ಪ್ರಿಂಗ್ ಮೊದಲ ಪಿಯುಸಿಗೆ, ಕೆಪಾಸಿಟರ್ (ವಿದ್ಯುತ್ ಚಾರ್ಜ್ ಕೂಡಿಡೋ ಸಾಧನ) ಎರಡನೇ ಪಿಯುಸಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದನ್ನು ಕಲಿಸಿದ್ದು ಅವರು.

ಒಂದು ಸಲ ಹಾಸ್ಟೆಲ್ ಮೇಲಿನ ನೀರಿನ ಟ್ಯಾಂಕ್‌ನ ಲೆಕ್ಕ ಮಾಡಿಸಿದರು. ಹತ್ತು ಸಾವಿರ ಲೀಟರ್, ಅಂದ್ರೆ 10,000 ಕೆಜಿ, ಎತ್ತರ 10 ಮೀಟರ್. ಗುರುತ್ವದ 9.8 ಸೇರಿಸಿ ಗುಣಿಸಿದರೆ 9.8 ಲಕ್ಷ ಜೌಲ್ (ಜೌಲ್ ಅಂದ್ರೆ ಶಕ್ತಿಯ ಅಳತೆ). ಅಬ್ಬಾ ಅಂದ್ಕೊಂಡೆವು. ಆದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೌಲ್, ಹಾಗಾಗಿ ಟ್ಯಾಂಕ್ ತುಂಬಾ ನೀರಿನಲ್ಲಿ ಇದ್ದದ್ದು ಕಾಲು ಯೂನಿಟ್‌ಗಿಂತ ಚೂರು ಜಾಸ್ತಿ ಅಷ್ಟೇ! ಒಬ್ಬನೇ ಎತ್ತಬಹುದಾದ 12 ವೋಲ್ಟ್, 40 ಆಂಪಿಯರ್-ಅವರ್ ಕಾರ್ ಬ್ಯಾಟರಿಯಲ್ಲಿ ಸುಮಾರು ಅರ್ಧ ಯೂನಿಟ್ ಇರುತ್ತೆ. ಸೀಸ ಮತ್ತು ಆಸಿಡ್ ನಡುವಿನ ರಾಸಾಯನಿಕ ಕ್ರಿಯೆಯ ತಾಕತ್ತು ಅದು.

ಕ್ಲಾಸಿನಲ್ಲಿ ಮುಳುಗಡೆ ಮನೆಗಳ ಹುಡುಗರೂ ಇದ್ದರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿಗೆ ಅಷ್ಟೊಂದು ಊರು, ಗದ್ದೆ ಯಾಕೆ ಬೇಕಾಯ್ತು ಅನ್ನೋದಕ್ಕೆ ಅವತ್ತು ಅರ್ಧ ಉತ್ತರ ಸಿಕ್ಕಿತು. ಒಂದೊಂದು ಲೀಟರ್ ನೀರಿನಲ್ಲಿ ಇರೋದು ಇಷ್ಟೇ ಇಷ್ಟು, ಅದಕ್ಕೇ 151 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ನೀರು ನಿಲ್ಲಿಸಬೇಕು, ಮೇಲಿಂದ ಘಟ್ಟದ ಇಳಿಜಾರು ಬೇರೆ ಬೇಕು.

ಹಾಗಂತ ಬ್ಯಾಟರಿಯೇ ಎಲ್ಲದಕ್ಕೂ ಸರಿ ಅಂತಲ್ಲ. ಕ್ಯಾಮೆರಾ ಫ್ಲಾಶ್‌ನ 100 ಮೈಕ್ರೋಫ್ಯಾರಡ್ ಕೆಪಾಸಿಟರ್ 300 ವೋಲ್ಟ್‌ನಲ್ಲಿ ಹಿಡಿಯೋದು ಬರೀ ನಾಲ್ಕೂವರೆ ಜೌಲ್. ಆದರೆ ಅದನ್ನು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಉಗುಳಿದರೆ, ಆ ಕ್ಷಣಕ್ಕೆ 4,500 ವಾಟ್! ಫ್ಲಾಶ್‌ನ ಪುಟ್ಟ ಸೆಲ್‌ಗಳಿಗೆ ನೇರವಾಗಿ ಅದು ಆಗದ ಮಾತು, ಅವು ನಿಧಾನಕ್ಕೆ ಕೆಪಾಸಿಟರ್ ತುಂಬಿಸಿ ಕೊಡುತ್ತವೆ. (ಅಂದಹಾಗೆ, ಸುಮ್ನೆ ಹಳೇ ಫ್ಲಾಶ್ ಬಿಚ್ಚೋಕೆ ಹೋಗಬೇಡಿ. ಸೆಲ್ ತೆಗೆದ ಮೇಲೂ ಹೊಡೆಯುತ್ತೆ.)

ಈಗ ಶರಾವತಿಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ ಊರಲ್ಲೆಲ್ಲ ಮಾತು. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಡೋದು. ಇಂಥ ಕಡೆ ಹೆಚ್ಚುಕಡಿಮೆ ನಾಲ್ಕು ಯೂನಿಟ್ ಹಾಕಿದರೆ ಮೂರು ವಾಪಸ್ ಬರುತ್ತೆ. ನಷ್ಟ ಅಲ್ವಾ ಅಂತ ಗೆಳೆಯರು ಕೇಳುತ್ತಾರೆ. ಮಧ್ಯಾಹ್ನ ಸೋಲಾರ್ ಕರೆಂಟ್ ಮಿಗುತ್ತೆ, ಸಂಜೆ ಏಳಕ್ಕೆ ಎಲ್ಲರಿಗೂ ಬೇಕು, ಆ ನಷ್ಟ ತಡ್ಕೋಬಹುದು ಅಂತ ನಾನು ಹೇಳ್ತೀನಿ. ಕಾಡು ಹೋಗುತ್ತೆ ಅನ್ನೋ ತಕರಾರು ಬೇರೆ, ಅದು ನನಗೂ ಸರಿ ಅನ್ನಿಸುತ್ತೆ. ಸಿಂಗಳೀಕಗಳಿರೋ ಕಾಡು ಅದು.