ದಾಸವಾಳದ ಐದು ಎಸಳು

ಅಕ್ಕನ ಗೃಹಪ್ರವೇಶದ ಆಮಂತ್ರಣಕ್ಕೆ ಅಂಚು ನಾನೇ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಕಪ್ಪು ಇಂಕಿನಲ್ಲಿ ದಾಸವಾಳದ ಬಳ್ಳಿ. ದಾಸವಾಳ ಗಿಡ ಅಲ್ವಾ ಅನ್ನಬಹುದು. ಅಂಚಿನ ಚಿತ್ರಕ್ಕೆ ಬಂದರೆ ಗಿಡವೂ ಬಳ್ಳಿಯಾಗುತ್ತದೆ, ನನಗೆ ಇಷ್ಟವಾಗುವುದೇ ಅದು. ಬಣ್ಣವಿಲ್ಲ, ನೆರಳಿಲ್ಲ. ಬರೀ ಗೆರೆಯಲ್ಲಿ ಹೂ ಅರಳಬೇಕು.

ಟ್ರೇಸಿಂಗ್ ಪೇಪರಿನಲ್ಲಿ ಅರ್ಧ ಹೂ ಬರೆದು, ಮಡಚಿ, ಇನ್ನರ್ಧ ಇಳಿಸಿಕೊಂಡೆ. ಎಡ ಬಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಭಾನುವಾರ ಬೆಳಿಗ್ಗೆ ನಿಬ್ಬಿನಲ್ಲಿ ತಿದ್ದಿ ಮುಗಿಸಿದೆ. ರಂಗೋಲಿ ಹಾಕಿ ಒಳಗೆ ಬಂದ ಅಮ್ಮ ನೋಡಿ, "ಚೆನ್ನಾಗಿದೆ ಕಣೇ. ಆದ್ರೆ ಬಟ್ಟೆ ಕತ್ತರಿಸಿ ಅಂಟಿಸಿದ ಹಾಗಿದೆ" ಅಂದಳು. ಬಸವನಗುಡಿಯ ನಮ್ಮ ಕಾಂಪೌಂಡಿನಿಂದಲೇ ಒಂದು ಕೆಂಪು ದಾಸವಾಳ ಕಿತ್ತು ತಂದು ಹಾಳೆಯ ಮೇಲಿಟ್ಟಳು.

ಆಗ ಕಂಡಿತು. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆ ಕಡೆಯ ಎಸಳಿನ ಕೆಳಗೆ. ಐದಕ್ಕೂ ಹಾಗೇ. ನನ್ನ ಚಿತ್ರದಲ್ಲಿ ಮೇಲಿನ ಎಸಳು ಎರಡೂ ಪಕ್ಕದವನ್ನು ಮುಚ್ಚಿತ್ತು. ಕೆಳಗಿನ ಎರಡು ಮಡಿಕೆಯ ಗೆರೆಯಲ್ಲಿ ಅಂಚಿಗೆ ಅಂಚು ತಾಗಿಸಿಕೊಂಡು ನಿಂತಿದ್ದವು. ದಾಸವಾಳ ಮಡಚುವ ಹೂವಲ್ಲ, ಸುತ್ತುವ ಹೂವು. ಎಷ್ಟು ವರ್ಷದಿಂದ ದೇವರಿಗೆ ಏರಿಸುತ್ತಿದ್ದೇನೆ, ಒಂದು ದಿನವೂ ನೋಡಿರಲಿಲ್ಲ.

ಮತ್ತೆ ಕೂತೆ. ಒಂದೇ ಎಸಳು ಬರೆದು, ಕೋನಮಾಪಕ ಇಟ್ಟು 72 ಡಿಗ್ರಿಗೆ ಒಂದರಂತೆ ಐದು ಸಲ ತಿರುಗಿಸಿ ಇಳಿಸಿದೆ. ಎಸಳು ಕೆಳಗೆ ಹೋಗುವ ಕಡೆ ಮೇಲಿನ ಗೆರೆಗೆ ಮುಟ್ಟಿಸದೆ ಒಂಚೂರು ಮೊದಲೇ ನಿಲ್ಲಿಸಬೇಕು. ಆ ಸಣ್ಣ ಬಿಳಿ ಜಾಗದಿಂದಲೇ ಮೇಲಿನ ಎಸಳು ಎದ್ದು ಕಾಣುತ್ತದೆ. ನಿಬ್ಬನ್ನು ನಮ್ಮ ಕಡೆಗೆ ಎಳೆದರೆ ಬಾಯಿ ಬಿಟ್ಟು ದಪ್ಪ ಗೆರೆ ಕೊಡುತ್ತದೆ, ಮುಂದಕ್ಕೆ ತಳ್ಳಿದರೆ ಕಾಗದ ಕೆರೆದು ಇಂಕ್ ಸಿಡಿಸುತ್ತದೆ. ಹಾಗಾಗಿ ಕೈ ತಿರುಗಿಸುವ ಬದಲು ಹಾಳೆಯನ್ನೇ ತಿರುಗಿಸುತ್ತಾ ಹೋದೆ. ನಡುವೆ ಪುಟ್ಟ ವೃತ್ತ, ಸುತ್ತ ಐದು ಚುಕ್ಕಿ. ಹೂವಿನ ನಡುವಿನಿಂದ ಹೊರಚಾಚುವ ಕಡ್ಡಿಯ, ಅಂದರೆ ಶಲಾಕೆಯ, ತುದಿ ಕವಲೊಡೆಯುವುದೂ ಐದಾಗಿಯೇ.

ಸೋಮವಾರ ಸುಲ್ತಾನ್‌ಪೇಟೆಯ ಪ್ರಿಂಟಿಂಗ್ ಅಂಗಡಿಯಲ್ಲಿ ಅರ್ಧ ಅಳತೆಗೆ ಇಳಿಸಿ ಪ್ರೂಫ್ ತೆಗೆದರು. ಎಸಳಿನ ತೆಳು ನರಗಳೆಲ್ಲ ಮಾಯ! ಮನೆಗೆ ಬಂದು ಎಸಳಿಗೆ ಮೂರೇ ನರ ಉಳಿಸಿ, ದಪ್ಪಗೆ ಬರೆದೆ. ಬಳ್ಳಿಯ ತುದಿಗೆ ಏನು ಬರೆಯುವುದು ಎಂದು ಗಿಡದ ಹತ್ತಿರ ಹೋದರೆ, ನಾಳೆ ಅರಳುವ ಮೊಗ್ಗೊಂದಿತ್ತು. ಅದರಲ್ಲೂ ಎಸಳುಗಳು ಒಂದರ ಮೇಲೊಂದು ಒಂದೇ ದಿಕ್ಕಿಗೆ ಸುತ್ತಿಕೊಂಡಿದ್ದವು. ಅದನ್ನೇ ಬರೆದೆ.