ಯಾರ್ಕ್‌ಗೆ ಹೋಗಿದ್ದೆ, ಆಮೇಲೆ?

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಮೊದಲು ಕೇಳುವುದು ವೀಕೆಂಡ್ ಹೇಗಿತ್ತು ಅಂತ. ಊರಿಂದ ಹೊಸದಾಗಿ ಬಂದ ನಮ್ಮವರು ಥಟ್ಟನೆ 'ಐ ಹ್ಯಾಡ್ ಗಾನ್ ಟು ಯಾರ್ಕ್' ಅನ್ನುತ್ತಾರೆ. ಕೇಳಿದವರು ಟೀ ಕಪ್ ಹಿಡಿದು ಸುಮ್ನೆ ಕಾಯುತ್ತಾರೆ. ಹೋಗಿದ್ದೆ, ಸರಿ. ಆಮೇಲೆ ಏನಾಯ್ತು? ಇವರ ಮಾತು ಅಲ್ಲಿಗೇ ಮುಗಿದಿರುತ್ತದೆ.

ಈ 'ಹ್ಯಾಡ್' ನುಸುಳುವುದು ನಮ್ಮ ಕನ್ನಡದಿಂದಲೇ. 'ನಿನ್ನೆ ಮಾರ್ಕೆಟ್‌ಗೆ ಹೋಗಿದ್ದೆ' ಅಂದರೆ ಹೋಗಿ ವಾಪಸ್ ಬಂದಾಯ್ತು ಅಂತ ನಮಗೆ ಅರ್ಥವಾಗುತ್ತದೆ. ಅದು ಪೂರ್ತಿ ಮಾತು. ಇಂಗ್ಲಿಷಿನಲ್ಲಿ ಹಾಗಲ್ಲ. ನಡೆದುಹೋದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಅಂತ ತೋರಿಸಲು 'ಹ್ಯಾಡ್' ಬೇಕು. 'ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್.' ರೈಲು ಮೊದಲೇ ಹೋಯ್ತು, ನಾನು ಆಮೇಲೆ ಬಂದೆ. ಎರಡನೇ ಸಂಗತಿ ಇಲ್ಲದಿದ್ದರೆ 'ಐ ವೆಂಟ್ ಟು ಯಾರ್ಕ್' ಸಾಕು.

ವೀಕೆಂಡ್ ಕಥೆಯಲ್ಲಿ ಇದರಿಂದ ನಷ್ಟವೇನಿಲ್ಲ. ಕೆಲಸದ ಮಾತಿನಲ್ಲಿ ಮಾತ್ರ ಎಡವಟ್ಟಾಗುತ್ತದೆ. 'ದ ಕ್ಲೈಂಟ್ ಹ್ಯಾಡ್ ಅಪ್ರೂವ್ಡ್ ಇಟ್' ಅಂದರೆ ಇಲ್ಲಿಯವರ ಕಿವಿಗೆ ಆಗ ಒಪ್ಪಿದ್ದರು, ಈಗ ಏನೋ ಬದಲಾಗಿದೆ ಅನ್ನುವ ಹಾಗೆ ಕೇಳಿಸುತ್ತದೆ. ನಾವು ಹೇಳಬೇಕಾಗಿದ್ದು ಕ್ಲೈಂಟ್ ಒಪ್ಪಿದ್ದಾರೆ, ಮುಂದುವರಿಯೋಣ ಅಂತ. ಅದಕ್ಕೆ 'ದ ಕ್ಲೈಂಟ್ ಹ್ಯಾಸ್ ಅಪ್ರೂವ್ಡ್ ಇಟ್' ಅನ್ನಬೇಕು. ಆದರೆ ಅದರ ಬಾಲಕ್ಕೆ 'ಯೆಸ್ಟರ್ಡೇ' ಸೇರಿಸುವ ಹಾಗಿಲ್ಲ. ನಿನ್ನೆ, ಹೋದ ವಾರ ಅಂತ ಹೊತ್ತು ಹೇಳಿದ ಕೂಡಲೇ 'ಹ್ಯಾಸ್', 'ಹ್ಯಾವ್' ಜಾಗ ಬಿಡಬೇಕು. 'ಅಪ್ರೂವ್ಡ್ ಇಟ್ ಯೆಸ್ಟರ್ಡೇ', ಅಷ್ಟೇ. ನಾವು 'ನಿನ್ನೆನೇ ಕಳಿಸಿದ್ದೀನಲ್ಲ' ಅಂತ ಆರಾಮಾಗಿ ಹೇಳುವವರು. ಹಾಗಾಗಿ 'ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ' ಬಾಯಿಗೆ ಬಂದೇ ಬರುತ್ತದೆ.

ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುತ್ತಿರುವವರು ಇದನ್ನು ಗಮನಿಸಿ. ಮಾತಿನ ಪರೀಕ್ಷೆ 11ರಿಂದ 14 ನಿಮಿಷ ಇರುತ್ತದೆ. ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಮಾತಾಡಲು ಹೆಚ್ಚೆಂದರೆ 2 ನಿಮಿಷ. ಕಾರ್ಡಿನಲ್ಲಿ ಹಿಂದೆ ನಡೆದದ್ದನ್ನು ಹೇಳಿ ಅಂತ ಇರುವುದು ಜಾಸ್ತಿ. ಅಲ್ಲಿ ಎಲ್ಲದಕ್ಕೂ 'ಹ್ಯಾಡ್' ಅಂಟಿಸಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತಲೇ ತಿಳಿಯುವುದಿಲ್ಲ. ಅಂಕ ಕೊಡುವ ನಾಲ್ಕು ಅಂಶಗಳಲ್ಲಿ ವ್ಯಾಕರಣವೂ ಒಂದು.

ಇಷ್ಟೆಲ್ಲ ಕಲಿತು ಲೀಡ್ಸ್‌ಗೆ ಬಂದಿಳಿದರೆ ಇಲ್ಲಿಯ ಬಸ್ಸಿನಲ್ಲಿ ಕೇಳುವುದು 'ಐ ವರ್ ಸ್ಯಾಟ್ ದೇರ್'! ನಾವು ಕಲಿತದ್ದು 'ಐ ವಾಸ್ ಸಿಟಿಂಗ್ ದೇರ್'. ನಮ್ಮ ಸ್ಕೂಲ್ ಮೇಷ್ಟ್ರು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವರಿಗೇ ಇಂಗ್ಲಿಷ್ ಬರಲ್ಲ ಅಂತ ನಗುವ ನಮ್ಮವರಿದ್ದಾರೆ. ನನಗೆ ಆ ನಗು ಸರಿ ಅನ್ನಿಸುವುದಿಲ್ಲ. ಅದು ಲೀಡ್ಸ್ ಇರುವ ಯಾರ್ಕ್‌ಶೈರ್ ಸೀಮೆಯ ಮಾತು. ಧಾರವಾಡದವರು 'ಬಂದಾನ' ಅಂದರೆ ಅವರಿಗೆ ಕನ್ನಡ ಬರಲ್ಲ ಅಂತೀವಾ? ಹಾಗಂತ ಪರೀಕ್ಷೆಯಲ್ಲಿ 'ಐ ವರ್ ಸ್ಯಾಟ್' ಅನ್ನಲು ಹೋಗಬೇಡಿ. ಎದುರಿಗೆ ಕೂತ ಎಕ್ಸಾಮಿನರ್ ಯಾರ್ಕ್‌ಶೈರಿನವರೇ ಆಗಿದ್ದರೂ ಬೇಡ.