ಬ್ಲಾಕ್ ಸರಿಯಾಗೇ ಆರಿಸಿದ್ದೆ, ಕಾಲಮ್ ಮರೆತಿದ್ದೆ

ಹೊಸ ಮನೆ ಕಟ್ಟಿಸುವವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಸಾರ್, ಗೋಡೆಗೆ ಯಾವ ಬ್ಲಾಕ್ ಹಾಕೋಣ?" ಮೊದಲು ನಾನೂ ಹಾಗೇ ಯೋಚಿಸುತ್ತಿದ್ದೆ. ಒಳ್ಳೆ ಬ್ಲಾಕ್ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ ಅಂತ. ಒಂದು ಮನೆ ನನ್ನ ಈ ಲೆಕ್ಕವನ್ನು ತಲೆಕೆಳಗು ಮಾಡಿತು.

ಎರಡು ಅಂತಸ್ತು, ಕಾಂಕ್ರೀಟಿನ ಕಾಲಮ್ ಬೀಮು, ನಡುವೆ 200 ಮಿ.ಮೀ. ಎಎಸಿ ಬ್ಲಾಕು, ಅಂದರೆ ಹಗುರ ಕಾಂಕ್ರೀಟಿನದು. ಈ ಬ್ಲಾಕಿನ ತುಂಬಾ ಗಾಳಿಯ ಗುಳ್ಳೆಗಳು, ಹಾಗಾಗಿ ಶಾಖ ಸುಲಭವಾಗಿ ದಾಟುವುದಿಲ್ಲ. 230 ಮಿ.ಮೀ. ಇಟ್ಟಿಗೆ ಗೋಡೆಯ ಯು-ವ್ಯಾಲ್ಯೂ ಸುಮಾರು 2 ಇದ್ದರೆ ಇದರದ್ದು 0.7. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಗೋಡೆಯಿಂದ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಅನ್ನುವುದೇ ಯು-ವ್ಯಾಲ್ಯೂ, ಕಡಿಮೆ ಇದ್ದಷ್ಟೂ ಒಳ್ಳೆಯದು. 0.7 ನೋಡಿ ನನಗೆ ಖುಷಿಯೋ ಖುಷಿ.

ಮೊದಲ ಚಳಿಗಾಲದಲ್ಲೇ ಓನರ್ ಫೋನ್ ಬಂತು. ಮಲಗುವ ಕೋಣೆಯ ಮೂಲೆಯಲ್ಲಿದ್ದ ಬೀರು ಸರಿಸಿ ತೋರಿಸಿದರು. ಹಿಂದೆ ನೆಲದಿಂದ ಸೊಂಟದ ಎತ್ತರದವರೆಗೆ ಕಪ್ಪು ಚುಕ್ಕೆ ಚುಕ್ಕೆ, ಬೆರಳಲ್ಲಿ ಒರೆಸಿದರೆ ಮಸಿ ಹಾಗೆ ಅಂಟುತ್ತಿತ್ತು. ಬೂಸ್ಟು. "ಪೈಪ್ ಸೋರ್ತಿದೆಯಾ?" ಅಂದರು. ಆ ಕಡೆ ಪೈಪೇ ಇರಲಿಲ್ಲ.

ಇಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. ಮೂಲೆ ತಣ್ಣಗಿದೆ ತಾನೇ, ಬೆಚ್ಚಗೆ ಮಾಡೋಣ ಅಂತ ಒಳಗಡೆಯಿಂದ ಥರ್ಮೋಕೋಲ್ ಶೀಟ್ ಅಂಟಿಸಿ, ಮೇಲೆ ಬೋರ್ಡ್ ಹೊಡೆಸಿ, ಬಣ್ಣ ಬಳಿಸಿ ಬಂದೆ. ಮುಂದಿನ ಚಳಿಗಾಲಕ್ಕೆ ವಾಸನೆ ಶುರುವಾಯಿತು. ಬೋರ್ಡ್ ಬಿಚ್ಚಿದರೆ ಥರ್ಮೋಕೋಲಿನ ಹಿಂಭಾಗ ಪೂರ್ತಿ ಕಪ್ಪು. ಒಳಗಿನ ಬಿಸಿ ತಾಗದೆ ಕಾಲಮ್ ಇನ್ನೂ ತಣ್ಣಗಾಗಿತ್ತು, ಶೀಟಿನ ಸಂದುಗಳಿಂದ ಒಳಗಿನ ತೇವದ ಗಾಳಿ ಮಾತ್ರ ಆರಾಮವಾಗಿ ಅದರ ಹಿಂದೆ ಹೋಗಿ ಕೂತಿತ್ತು. ನಾನೇ ಕೈಯಾರೆ ಬೂಸ್ಟಿಗೆ ಮನೆ ಕಟ್ಟಿಕೊಟ್ಟಿದ್ದೆ!

ಆಮೇಲೆ ಥರ್ಮಲ್ ಕ್ಯಾಮೆರಾ ತರಿಸಿ ಬೆಳಗಿನ ಜಾವ ಹೊರಗೆ ನಿಂತು ನೋಡಿದೆ. ಬ್ಲಾಕುಗಳೆಲ್ಲ ನೀಲಿ, ಅಂದರೆ ತಣ್ಣಗೆ. ಕಾಲಮ್, ಬೀಮ್, ಕಿಟಕಿ ಮೇಲಿನ ಲಿಂಟಲ್ ಎಲ್ಲ ಹಳದಿ, ಕೆಂಪು, ಅಂದರೆ ಒಳಗಿನ ಬಿಸಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಮನೆಯ ಅಸ್ಥಿಪಂಜರ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು, ಡ್ರಾಯಿಂಗೇ ಬೇಕಿರಲಿಲ್ಲ.

ಆಗ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಕಾಂಕ್ರೀಟ್ ಕಾಲಮ್ಮಿನ ಯು-ವ್ಯಾಲ್ಯೂ ಸುಮಾರು 2.8, ಬ್ಲಾಕಿನ ನಾಲ್ಕು ಪಟ್ಟು. ಗೋಡೆಯಲ್ಲಿ ನೂರಕ್ಕೆ 20 ಭಾಗ ಕಾಂಕ್ರೀಟ್ ಅಂದುಕೊಳ್ಳಿ. ಇಡೀ ಗೋಡೆಯ ಸರಾಸರಿ 0.7 ಅಲ್ಲ, 1.1ರ ಮೇಲೆ ಬರುತ್ತದೆ. ಅಂದರೆ ಐದರಲ್ಲಿ ಒಂದು ಭಾಗದಿಂದಲೇ ಅರ್ಧ ಶಾಖ ಹೊರಗೆ ಹೋಗುತ್ತಿತ್ತು. ಕ್ಯಾಟಲಾಗಿನಲ್ಲಿ ಇರುವುದು ಬ್ಲಾಕಿನ ಅಂಕಿ, ಗೋಡೆಯದ್ದಲ್ಲ.

ಬೂಸ್ಟಿನ ಕಥೆಯೂ ಅದೇ. ಕೋಣೆ 22 ಡಿಗ್ರಿ, ಗಾಳಿಯ ತೇವ ನೂರಕ್ಕೆ 60 ಇದ್ದರೆ 14 ಡಿಗ್ರಿಗಿಂತ ತಣ್ಣಗಿರುವ ಯಾವ ಜಾಗದಲ್ಲೂ ನೀರು ಕೂರುತ್ತದೆ. ಆದರೆ ಬೂಸ್ಟಿಗೆ ನೀರಿನ ಹನಿಯೇ ಬೇಕಿಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯಲ್ಲಿ ತೇವ 80 ದಾಟಿ ಹಾಗೇ ಇದ್ದರೆ ಸಾಕು, ಇದೇ ಕೋಣೆಯಲ್ಲಿ ಅದು 17-18 ಡಿಗ್ರಿಗೇ ಆಗಿಬಿಡುತ್ತದೆ. ಮೂಲೆ, ಅಲ್ಲೊಂದು ಕಾಲಮ್, ಮುಂದೆ ಗಾಳಿಯಾಡದ ಹಾಗೆ ಬೀರು. ಇನ್ನೇನು ಬೇಕು?

ಕೊನೆಗೆ ಒಳಗಿನದೆಲ್ಲ ಕಿತ್ತು, ಹೊರಗಿನಿಂದ ಇಡೀ ಮನೆಗೆ 50 ಮಿ.ಮೀ. ಥರ್ಮೋಕೋಲ್ ಹೊದಿಸಿ, ಜಾಲರಿ ಹಾಕಿ, ಪ್ಲಾಸ್ಟರ್ ಮಾಡಿಸಿದೆವು. ಸರಾಸರಿ 0.4ಕ್ಕೆ ಇಳಿಯಿತು. ಹೊರಗೆ ಹೊದಿಸಿದರೆ ಕಾಲಮ್, ಬೀಮ್ ಎಲ್ಲ ಕಂಬಳಿಯ ಒಳಗೆ ಬರುತ್ತವೆ, ಜೊತೆಗೆ ಬಿಸಿ ಹೀರಿಕೊಳ್ಳುವ ಗೋಡೆಯ ತೂಕವೂ ಒಳಗೇ ಉಳಿಯುವುದರಿಂದ ಸೆಕೆಗಾಲದಲ್ಲೂ ಕೋಣೆ ತಟ್ಟನೆ ಕಾಯುವುದಿಲ್ಲ. ಬೆಂಕಿಯ ಭಯ ಇರುವ ಕಡೆ ಥರ್ಮೋಕೋಲ್ ಬದಲು ರಾಕ್‌ವುಲ್ (ಕಲ್ಲಿನ ನಾರಿನ ಹೊದಿಕೆ) ಹಾಕಿ, ಅದು ಉರಿಯುವುದಿಲ್ಲ. ಆದರೆ ನೆನೆದರೆ ಕೆಟ್ಟಿತು, ಮಳೆಗಾಲದಲ್ಲಿ ಸೈಟಲ್ಲಿ ಸುಮ್ನೆ ತೆರೆದು ಬಿಡಬೇಡಿ.

ದಪ್ಪದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳುವವರಿಗೂ ಒಂದು ಮಾತು. ಬರೀ ಇಟ್ಟಿಗೆ ಗೋಡೆಗೆ ಮೊದಲ 50 ಮಿ.ಮೀ. ಥರ್ಮೋಕೋಲ್ ಹಾಕಿದರೆ ಯು-ವ್ಯಾಲ್ಯೂ 2ರಿಂದ ಸುಮಾರು 0.5ಕ್ಕೆ ಬರುತ್ತದೆ. ಇನ್ನೂ 50 ಹಾಕಿದರೆ 0.3. ಎರಡನೇ ಪದರಕ್ಕೆ ಖರ್ಚು ಮಾಡುವ ಮೊದಲು ಕಿಟಕಿ ಚೌಕಟ್ಟಿನ ಸುತ್ತಲಿನ ಸಂದು ನೋಡಿ ಅನ್ನುತ್ತೇನೆ. ನಮ್ಮ ಮೇಸ್ತ್ರಿ ಅಲ್ಲಿ ಉಳಿದ ತುಂಡುಗಳನ್ನು ತುರುಕಿ ಗಾರೆ ಮೆತ್ತಿಬಿಡುತ್ತಿದ್ದ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ ಅಲ್ವಾ.

ಈಗ ಬ್ಲಾಕ್ ವಿಷಯ ಕೊನೆಗೆ ತೆಗೆಯುತ್ತೇನೆ. ಮೊದಲು ಮನೆಯ ಅಡ್ಡ ಸೀಳಿನ ಡ್ರಾಯಿಂಗ್ ಹರಡಿ, ಪಾಯದಿಂದ ಗೋಡೆ, ಸೂರು, ಮತ್ತೆ ಗೋಡೆ ಅಂತ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಇರುವ ದಾರಿಯಲ್ಲೇ ಪೆನ್ಸಿಲ್ ಎತ್ತದೆ ಗೆರೆ ಎಳೆಯುತ್ತೇನೆ. ಎಲ್ಲಿ ಎತ್ತಬೇಕಾಗುತ್ತದೋ ಅಲ್ಲಿ ಕೆಲಸ ಬಾಕಿ ಇದೆ ಅಂತ ಅರ್ಥ. ಹೋದ ವಾರದ ಡ್ರಾಯಿಂಗಿನಲ್ಲಿ ಬಾಲ್ಕನಿ ಹತ್ತಿರ ಎತ್ತಬೇಕಾಯಿತು, ಒಳಗಿನ ಸ್ಲ್ಯಾಬೇ ನೇರ ಹೊರಗೆ ಚಾಚಿತ್ತು. ಒಳಗಿನ ಸ್ಲ್ಯಾಬಿಗೆ ಸೇರಿಸದೆ ಬಾಲ್ಕನಿಗೆ ಬೇರೆ ಕಂಬ ಕೊಡಿ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಹೇಳಿದ್ದೇನೆ. ಅವರಿನ್ನೂ ಒಪ್ಪಿಲ್ಲ.